ಅಪ್ಪ ಜೋಡಿಸಿದ ಚಕ್ರಗಳು

ಡಿಡ್ಕಾಟ್
೧೧ ಮಾರ್ಚ್ ೨೦೧೯

ಪ್ರೀತಿಯ ಏಡ್ರಿಯನ್,

ನಿನ್ನ ಕಾಗದ ಬಂತು. ಫೋನಿನಲ್ಲಿ ನನಗೆ ಅರ್ಧ ಮಾತು ಕೇಳಿಸುವುದಿಲ್ಲವೆಂದು ನೀನು ಕೂತು ಬರೆಯುತ್ತೀಯಲ್ಲ, ಅದು ನನಗೆ ಸಮಾಧಾನ. ಬ್ರಯನಿ ಮರಿ ಬಿಡಿಸಿದ ಚಿತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಕಾರಿಗೆ ಅವಳು ಸರಿಯಾದ ಹಸಿರನ್ನೇ ಹಚ್ಚಿದ್ದಾಳೆ.

ಮೇ ಕೊನೆಯ ಶನಿವಾರ ರೈಲಿನಲ್ಲಿ ಬಂದು, ಮಾರನೆಯ ದಿನ ಅಪ್ಪನ ಎಂಜಿ ಕಾರನ್ನು ಹೆಕ್ಸಮ್‌ವರೆಗೂ ಓಡಿಸಿಕೊಂಡು ಹೋಗುತ್ತೇನೆ, ಬ್ರಯನಿ ಪಕ್ಕದ ಸೀಟಿನಲ್ಲಿ ಇರುತ್ತಾಳೆ ಎಂದು ಬರೆದಿದ್ದೀಯ. ಓದಿದಾಗಿನಿಂದ ನನ್ನ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ. ಕಾರು ನಿನಗೆ ಸೇರಬೇಕಾದ್ದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ದೂರ ಹೋಗುವ ಮೊದಲು ಯಾರಾದರೂ ಅದನ್ನು ಒಮ್ಮೆ ಪೂರ್ತಿ ಬಿಚ್ಚಿ ನೋಡಲಿ. ನಲವತ್ತು ವರ್ಷ ದಾಟಿದ ಕಾರನ್ನು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯಬೇಕಾಗಿಲ್ಲ ಎಂದು ಕಾನೂನು ಬದಲಾದಾಗ ನಿನ್ನ ಅಪ್ಪ ಎಷ್ಟು ಖುಷಿಪಟ್ಟ, ನೆನಪಿದೆಯಲ್ಲ. "ಇನ್ಮೇಲೆ ನಾನೇ ಇನ್‌ಸ್ಪೆಕ್ಟರು" ಅಂದಿದ್ದ. ಅಂದರೆ, ಅವನು ಕೆಲಸ ಮುಗಿಸಿದ ಮೇಲೆ ಬೇರೆ ಯಾರೂ ಅದನ್ನು ನೋಡಿಲ್ಲ.

ಹಿಂದಿನ ಚಕ್ರಗಳ ಅಚ್ಚಿನ ಕೆಲಸವೆಲ್ಲ ಅವನು ಮಾಡಿದ್ದು ಹೋದ ಬೇಸಿಗೆಯಲ್ಲಿ. ಆಗ ಅವನು ಹೇಗಿದ್ದ ಎಂಬುದು ನನಗೆ ಗೊತ್ತು. ನೀನು ಬಂದಾಗಲೆಲ್ಲ ಅವನು ಮೈಯೆಲ್ಲ ಬಿಗಿಹಿಡಿದು ಕೂತಿರುತ್ತಿದ್ದ. ನೀನು ಹೋದ ಮೇಲೆ ಆ ಬಿಗಿ ಹೋಗಿಬಿಡುತ್ತಿತ್ತು.

ಇಷ್ಟೇ ನನ್ನ ಕೋರಿಕೆ. ಕೋಪಿಸಿಕೊಳ್ಳಬೇಡ.

ನಿನ್ನ
ಅಮ್ಮ

*

ಹೆಕ್ಸಮ್
೧೯ ಮಾರ್ಚ್

ಅಮ್ಮ,

ಕೋಪವಿಲ್ಲ. ಆದರೆ ಒಂದು ಮಾತನ್ನು ಈಗಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆ ಕಾರಿಗೆ ಯಾರೂ ಸ್ಪ್ಯಾನರ್ ಹಾಕಕೂಡದು. ಹಿಂದಿನ ಅಚ್ಚು ಅಪ್ಪ ಮಾಡಿದ ಕೊನೆಯ ಕೆಲಸ. ಅವನು ಕಡೆಯದಾಗಿ ಬಿಗಿ ಮಾಡಿದ ನಟ್ಟುಗಳು ಅವನು ಬಿಗಿ ಮಾಡಿದ ಹಾಗೆಯೇ ಇರಬೇಕು. ಇನ್ಯಾರೋ ಬಂದು ಬಿಚ್ಚಿ, ತಲೆಯಾಡಿಸಿ, ಮತ್ತೆ ಜೋಡಿಸಿದರೆ ಅದು ಅಪ್ಪನ ಕಾರಾಗಿ ಉಳಿಯುವುದಿಲ್ಲ.

ನನಗೆ ಕಾರು ಕಲಿಸಿದ್ದು ಅವನೇ. ಕಣ್ಣು ಕಟ್ಟಿದರೂ ಬ್ರೇಕಿನ ಡ್ರಮ್ ಬಿಚ್ಚಿ ಹಾಕುವ ಕೈ ಅದು. ಅವನ ಕೊನೆಯ ಕ್ರಿಸ್‌ಮಸ್‌ನಲ್ಲಿ ಮೊಮ್ಮಗಳ ಹೆಸರು ತಡವರಿಸಿದ ಎಂದಮಾತ್ರಕ್ಕೆ ಕೈ ಮರೆಯುವುದಿಲ್ಲ. ಎಪ್ಪತ್ತಾರರಲ್ಲಿ ಯಾರು ತಡವರಿಸುವುದಿಲ್ಲ?

ಅವನ ಮರೆವಿನ ಕಥೆಗಳನ್ನು ನನಗೆ ಬರೆಯಬೇಡ, ಅಮ್ಮ. ದಯವಿಟ್ಟು. ನನಗೆ ಅಪ್ಪ ಹೇಗಿದ್ದನೋ ಹಾಗೆ ಬೇಕು.

ಬ್ರಯನಿ ಗಾಳಿಗೆ ಹಾರದಂಥ ಟೋಪಿ ಕೊಂಡಿದ್ದಾಳೆ. ಊಟಕ್ಕೆ ಕೂರುವಾಗಲೂ ತೆಗೆಯುತ್ತಿಲ್ಲ.

ಏಡ್ರಿಯನ್

*

ಡಿಡ್ಕಾಟ್
೨ ಏಪ್ರಿಲ್

ಪ್ರೀತಿಯ ನೋರೀನ್,

ನ್ಯೂಜಿಲೆಂಡ್‌ನಲ್ಲಿ ಈಗ ಎಲೆ ಉದುರುವ ಕಾಲವೆಂದು ನೀನು ಬರೆದಿದ್ದೆ. ಇಲ್ಲಿ ಡ್ಯಾಫೊಡಿಲ್ ಅರಳಿ ಬಾಡಿದವು. ನಿನ್ನ ಅಣ್ಣ ಕ್ಲಿಫರ್ಡ್ ಹೋದ ಮೇಲೆ ಬಂದ ಮೊದಲ ವಸಂತ. ಅದನ್ನು ನೋಡುವ ಮನಸ್ಸಿಲ್ಲದೆ ಬಹುಪಾಲು ಗ್ಯಾರೇಜಿನಲ್ಲೇ ಕೂತಿರುತ್ತೇನೆ. ಅಲ್ಲಿ ಇನ್ನೂ ಅವನ ವಾಸನೆ ಇದೆ. ಗ್ರೀಸು, ಪುದೀನಾ ಮಿಠಾಯಿ, ಒದ್ದೆ ಉಣ್ಣೆ.

ಏಡ್ರಿಯನ್ ಮಗುವನ್ನು ಕೂರಿಸಿಕೊಂಡು ಕಾರನ್ನು ಉತ್ತರಕ್ಕೆ ಓಡಿಸುತ್ತಾನಂತೆ. ಅಪ್ಪ ಮುಟ್ಟಿದ್ದನ್ನು ಯಾರೂ ಮುಟ್ಟಬಾರದಂತೆ. ಮರೆವಿನ ಸುದ್ದಿ ಎತ್ತಲೂಬಾರದಂತೆ. ಅವನಿಗೆ ಬರೆಯಲಾಗದ್ದನ್ನು ನಿನಗೆ ಬರೆಯುತ್ತಿದ್ದೇನೆ.

ಜುಲೈನಲ್ಲಿ ಒಂದು ಮಧ್ಯಾಹ್ನ. ಕಾರಿನ ಹಿಂಭಾಗ ಸ್ಟ್ಯಾಂಡಿನ ಮೇಲಿತ್ತು. ಕಡ್ಡಿ ಚಕ್ರಗಳು ಬಂದು ಕೂರುವ ಹಬ್ ಎನ್ನುತ್ತಾರಲ್ಲ, ಹಲ್ಲು ಹಲ್ಲಿನ ಕಬ್ಬಿಣದ ತುಂಡುಗಳು, ಹೊಸದಾಗಿ ಎರಡು ಬಂದಿದ್ದವು. ಎರಡು ಕೈಯಲ್ಲೂ ಒಂದೊಂದು ಹಿಡಿದು ಕ್ಲಿಫರ್ಡ್ ತುಂಬಾ ಹೊತ್ತು ನಿಂತಿದ್ದ. ನಾನು ಯಾವಾಗಿನಂತೆ ದೀಪ ಹಿಡಿದಿದ್ದೆ. ಆಮೇಲೆ ಕೇಳಿದ:

"ಎನಿಡ್, ನಾನು ಯಾವ ಕಡೆ ನಿಂತಿದೀನಿ?"

"ಮನೇಲೇ ಇದೀಯ ಕಣೋ, ಗ್ಯಾರೇಜಲ್ಲಿ" ಅಂದೆ.

"ಅಷ್ಟೂ ಗೊತ್ತಿಲ್ವಾ ನನಗೆ? ಕಾರಿನ ಯಾವ ಕಡೆ? ಫುಟ್‌ಪಾತ್ ಕಡೆನೋ ಡ್ರೈವರ್ ಕಡೆನೋ?"

ಕಾರಿನವರು ಎಡ ಬಲ ಎನ್ನುವುದಿಲ್ಲ, ನಿನಗೆ ಗೊತ್ತಲ್ಲ. ಮುಂದೆ ನಿಂತವನ ಎಡ ಹಿಂದೆ ನಿಂತವನ ಬಲವಾಗುತ್ತದೆ ಎಂದು ಅವನೇ ನನ್ನನ್ನು ಎಷ್ಟು ಸಲ ಗದರಿದ್ದ. ಅಂಥವನು ಕೇಳಿದ. ನಾನು "ಫುಟ್‌ಪಾತ್ ಕಡೆ" ಅಂದೆ. "ಅದನ್ನೇ ಹೇಳ್ತಿದ್ದೆ" ಅಂತ ಬಗ್ಗಿ ಕೆಲಸ ಶುರುಮಾಡಿದ. ಮುಂದೆ ಯಾವುದನ್ನು ಯಾವ ಕಡೆ ಹಾಕಿದನೋ, ನನಗೆ ತಿಳಿಯದು. ನನ್ನ ಕಣ್ಣಿಗೆ ಎರಡೂ ಒಂದೇ ಥರ ಇದ್ದವು. ಸೆಪ್ಟೆಂಬರಿನಲ್ಲಿ ಕಾರನ್ನು ಸ್ಟ್ಯಾಂಡಿನಿಂದ ಇಳಿಸಿದ. ಅದು ರಸ್ತೆಗೆ ಹೋಗಲೇ ಇಲ್ಲ. ನವೆಂಬರಿನಲ್ಲಿ ಅವನೇ ಹೋದ.

ಇದನ್ನು ಏಡ್ರಿಯನ್‌ಗೆ ಬರೆದರೆ ಓದದೆ ಮಡಚಿಡುತ್ತಾನೆ. ಬರೆಯದಿದ್ದರೆ ಆ ಮಗು ಟೋಪಿ ಹಾಕಿಕೊಂಡು ಅದರಲ್ಲಿ ಕೂರುತ್ತಾಳೆ. ರೊಟ್ಟಿ ಸುಡುವಾಗಲೂ ಇದೇ ಯೋಚನೆ, ಬಸ್ಸಿಗೆ ನಿಂತಾಗಲೂ ಇದೇ.

ನಿನ್ನ ಮೊಣಕಾಲು ಹೇಗಿದೆ?

ಎನಿಡ್

*

ಡಿಡ್ಕಾಟ್
೧೫ ಏಪ್ರಿಲ್

ಪ್ರೀತಿಯ ಏಡ್ರಿಯನ್,

ಬೈದರೂ ಸರಿ, ಪೂರ್ತಿ ಓದು. ನಾನು ಏನನ್ನೂ ಬಿಚ್ಚಿಲ್ಲ. ನಿನ್ನ ಮಾತು ಮೀರಿಲ್ಲ.

ಕಾರು ಹೊರಡುವ ಮೊದಲು ಚಕ್ರದ ನಟ್ಟುಗಳನ್ನು ಒಮ್ಮೆ ತಟ್ಟಿ ನೋಡುವುದು ನಿನ್ನ ಅಪ್ಪನ ಪದ್ಧತಿ. ನಡುವೆ ಎರಡು ಕಿವಿ ಚಾಚಿಕೊಂಡಿರುವ ಆ ದೊಡ್ಡ ನಟ್ಟು, ತಾಮ್ರದ ತಲೆಯ ಸುತ್ತಿಗೆ. ಅವನು ಹೇಳುತ್ತಿದ್ದದ್ದನ್ನು ನಾನು ಇಷ್ಟು ವರ್ಷ ಕೇಳಿದ್ದೇನೆ: ಮೇಲಿನ ಕಿವಿಗೆ ಕಾರಿನ ಬಾಲದ ಕಡೆಗೆ ಹೊಡೆದರೆ ಬಿಗಿ, ಮೂತಿಯ ಕಡೆಗೆ ಹೊಡೆದರೆ ಸಡಿಲ. ನಾಲ್ಕು ಚಕ್ರಕ್ಕೂ ಅದೇ ಮಾತು. ಕಾರು ಮುಂದಕ್ಕೆ ಓಡಿದಷ್ಟೂ ನಟ್ಟು ತಾನೇ ಬಿಗಿಯಾಗಲಿ ಎಂದು ಒಂದು ಬದಿಗೆ ಒಂದು ಥರ, ಇನ್ನೊಂದು ಬದಿಗೆ ತಿರುಗುಮುರುಗು ಥ್ರೆಡ್ ಇಟ್ಟಿರುತ್ತಾರಂತೆ.

ನಿನ್ನೆ ನಾನು ತಟ್ಟಿದೆ. ಮುಂದಿನ ಎರಡೂ ಕಲ್ಲಿನ ಹಾಗೆ ನಿಂತವು. ಹಿಂದೆ ಫುಟ್‌ಪಾತ್ ಕಡೆಯದಕ್ಕೆ ಬಾಲದ ಕಡೆಗೆ ಹೊಡೆದೆ, ನಟ್ಟು ಸಡಿಲವಾಗಿ ಜರುಗಿತು. ಗಾಬರಿಯಾಗಿ ಮೂತಿಯ ಕಡೆಗೆ ಹೊಡೆದೆ, ಬಿಗಿಯಾಯಿತು. ಡ್ರೈವರ್ ಕಡೆಯದೂ ಹಾಗೆಯೇ. ಬಿಚ್ಚುವ ದಿಕ್ಕು ತೋರಿಸಲು ಅವುಗಳ ಮೇಲೆ ಕೆತ್ತಿದ್ದ ಅಕ್ಷರಗಳು ಉಜ್ಜಿ ಉಜ್ಜಿ ಸವೆದುಹೋಗಿವೆ, ಓದಲಾಗುವುದಿಲ್ಲ.

ಎರಡೂ ಹಬ್ ಅದಲುಬದಲಾಗಿವೆ ಎಂದು ನನಗೆ ಅನ್ನಿಸುತ್ತಿದೆ. ನನ್ನ ಅನಿಸಿಕೆ ತಪ್ಪಿದ್ದರೆ ನನಗಿಂತ ಸಂತೋಷಪಡುವವರು ಯಾರೂ ಇಲ್ಲ. ಒಬ್ಬರು ನೋಡಲಿ, ಏಡ್ರಿಯನ್. ನೋಡಲಿ, ಅಷ್ಟೆ.

ಅಮ್ಮ

*

ಹೆಕ್ಸಮ್
೨೨ ಏಪ್ರಿಲ್

ಅಮ್ಮ,

ನೀನು ಚಕ್ರದ ಪಕ್ಕದಲ್ಲಿ ನಿಲ್ಲದೆ ಹಿಂದೆ ನಿಂತು ಹೊಡೆದಿದ್ದೀಯ. ಅದಕ್ಕೇ ತಿರುಗುಮುರುಗು ಕಂಡಿದೆ. ಹೊಸಬರೆಲ್ಲ ಮಾಡುವ ತಪ್ಪೇ ಇದು.

ಇಷ್ಟು ವರ್ಷ ನೀನು ದೀಪ ಹಿಡಿದೆ, ಸುತ್ತಿಗೆ ಹಿಡಿಯಲಿಲ್ಲ. ಈಗ ಅಪ್ಪ ಇಲ್ಲದಾಗ ಅವನ ತಪ್ಪು ಹುಡುಕಬೇಡ. ಆ ಹಬ್ಬುಗಳನ್ನು ಅವನು ನನ್ನೆದುರಿಗೇ ಮೇಜಿನ ಮೇಲಿಟ್ಟು ವಿವರಿಸಿದ್ದ.

ಮೇ ಇಪ್ಪತ್ತೈದಕ್ಕೆ ಬರುತ್ತೇವೆ. ಅಲ್ಲಿಯವರೆಗೆ ದಯವಿಟ್ಟು ಗ್ಯಾರೇಜಿಗೆ ಬೀಗ ಹಾಕಿಡು.

ಏಡ್ರಿಯನ್

*

ಡಿಡ್ಕಾಟ್
೧೦ ಮೇ

ಪ್ರೀತಿಯ ನೋರೀನ್,

ಒಂದು ಕೆಲಸ ಮಾಡಿದ್ದೇನೆ. ನಿನ್ನ ಹತ್ತಿರ ಹೇಳಿಕೊಳ್ಳದೆ ಇರಲಾರೆ.

ಏಡ್ರಿಯನ್‌ನ ಕಾಗದ ಬಂದ ಮೇಲೆ ಗ್ಯಾರೇಜಿಗೆ ಬೀಗ ಹಾಕಿದ್ದು ನಿಜ. ಒಂದು ವಾರ ತೆಗೆಯಲಿಲ್ಲ. ನಾನು ಹಿಂದೆ ನಿಂತಿದ್ದೆನೇ, ಪಕ್ಕದಲ್ಲಿ ನಿಂತಿದ್ದೆನೇ ಎಂದು ಅಡುಗೆಮನೆಯ ಕುರ್ಚಿಯನ್ನು ಕಾರು ಮಾಡಿಕೊಂಡು ನಿಂತು ನಿಂತು ನೋಡಿದೆ. ಕೊನೆಗೆ ಡೆನ್ಜಿಲ್ ಯೆಲಂಡ್‌ನನ್ನು ಕರೆದೆ. ಕ್ಲಿಫರ್ಡ್‌ನ ಕಾರ್ ಕ್ಲಬ್ಬಿನವನು, ಎರಡು ಬೀದಿ ಆಚೆ ಇದ್ದಾನಲ್ಲ, ಕಾರ್ನ್‌ವಾಲ್‌ನವನು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

ಗ್ಯಾರೇಜಿನೊಳಗೆ ಹೋದವನು ಸುತ್ತಿಗೆಯಿಂದ ಎರಡೇ ಏಟು ಹಾಕಿ ಹೊರಗೆ ಬಂದ.

"ಎನಿಡ್, ಮೊದ್ಲು ಟೀ ಕೊಡಮ್ಮ. ಆಮೇಲೆ ಮಾತಾಡೋಣ."

"ಮೊದ್ಲು ಮಾತಾಡಿ. ಆಮೇಲೆ ಟೀ" ಅಂದೆ.

"ಹಾಗಾದ್ರೆ ನಿನ್ನ ಟೀಗೆ ಸಕ್ಕರೆ ಜಾಸ್ತಿ ಹಾಕ್ಕೋ. ಆ ಕಡೆದು ಈ ಕಡೆ ಇದೆ, ಈ ಕಡೆದು ಆ ಕಡೆ. ನೀನು ಸರಿಯಾಗೇ ನೋಡಿದೀಯ. ಓಡ್ತಾ ಓಡ್ತಾ ನಟ್ಟು ತಾನಾಗೇ ಬಿಚ್ಕೊಳ್ಳುತ್ತೆ."

"ಬಿಚ್ಕೊಂಡ್ರೆ?"

"ಚಕ್ರ ಒಂದು ದಾರಿ ಹಿಡಿಯುತ್ತೆ, ಕಾರು ಒಂದು ದಾರಿ."

ಅವನು ನನ್ನನ್ನು ಪೇಂಟಿನ ಡಬ್ಬದ ಮೇಲೆ ಕೂರಿಸಿದ.

"ನೋಡಮ್ಮ, ಇದನ್ನ ನಾನೂ ಮಾಡಿದೀನಿ. ತೊಂಬತ್ತೊಂದನೇ ಇಸವಿಲಿ. ಆಗ ನನ್ನ ತಲೆ ನೆಟ್ಟಗೇ ಇತ್ತು, ಹೆಂಡ್ತಿ ಒಪ್ಪಲ್ಲ, ಆದ್ರೂ ಇತ್ತು. ನನ್ನ ಚಕ್ರ ನನ್ನನ್ನ ಹಿಂದೆ ಹಾಕಿ, ಇಳಿಜಾರಲ್ಲಿ ಉರುಳ್ಕೊಂಡು ಹೋಗಿ ಪಬ್ಬಿನ ಬಾಗಿಲಿಗೆ ಒರಗಿ ನಿಂತಿತ್ತು. ನನಗಿಂತ ಮೊದ್ಲು ಅದಕ್ಕೇ ಬಾಯಾರಿಕೆ."

ನನಗೆ ನಗು ಬಂತು, ನೋರೀನ್. ನವೆಂಬರಿನಿಂದ ಈಚೆಗೆ ಮೊದಲ ಸಲ. ನಗುತ್ತಲೇ ಅಳುವೂ ಬಂತು. ಹಾಗಾದರೆ ಇದು ಕಾಯಿಲೆಯ ತಪ್ಪೋ, ಯಾರಾದರೂ ಮಾಡಬಹುದಾಗಿದ್ದ ತಪ್ಪೋ? ಡೆನ್ಜಿಲ್‌ನನ್ನು ಕೇಳಿದೆ. ಅವನು ಸುತ್ತಿಗೆಯನ್ನು ಒರೆಸುತ್ತಾ, "ಕಬ್ಬಿಣ ನೋಡಿ ಅದನ್ನ ಹೇಳೋಕಾಗಲ್ಲ" ಅಂದ.

ಏಡ್ರಿಯನ್‌ನ ಕಾಗದ ತೋರಿಸಿದೆ. ಕನ್ನಡಕ ಏರಿಸಿ ಓದಿ, ಮಡಚಿ ಕೊಟ್ಟ.

"ಬುಧವಾರ ಬರ್ತೀನಿ. ಅರ್ಧ ದಿನದ ಕೆಲ್ಸ. ಬದಲಾಯಿಸಿ, ಒರೆಸಿ, ಮೇಲೆ ಸ್ವಲ್ಪ ಧೂಳೂ ಉದುರಿಸಿ ಹೋಗ್ತೀನಿ. ಹುಡುಗನಿಗೆ ಗೊತ್ತಾಗಲ್ಲ. ಕ್ಲಿಫರ್ಡ್ ಹೆಸರಿಗೂ ಏನೂ ಆಗಲ್ಲ."

"ಅವನಿಗೆ ಸುಳ್ಳು ಹೇಳಿದ ಹಾಗಾಗಲ್ವಾ?"

"ಕೇಳಿದ್ರೆ ತಾನೇ ಸುಳ್ಳು? ಅವನು ಕೇಳಲ್ಲ. ಕೇಳೋಕೆ ಅವನಿಗೂ ಭಯ."

ಬುಧವಾರ ಬಂದ. ಹಬ್ ಹಿಡಿದಿರುವ ಒಳಗಿನ ದೊಡ್ಡ ನಟ್ಟನ್ನು ತೆಗೆಯಲು ಉದ್ದದ ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತ. ಚಕ್ರ ತಿರುಗದ ಹಾಗೆ ನಾನು ಸೀಟಿನಲ್ಲಿ ಕೂತು ಬ್ರೇಕ್ ತುಳಿಯಬೇಕಿತ್ತು. ಆ ಸೀಟಿನಲ್ಲಿ ನಾನು ಎಂದೂ ಕೂತವಳಲ್ಲ. ಅದು ಕ್ಲಿಫರ್ಡ್‌ನ ಕಾಲಿಗೆ ಹೊಂದಿಸಿಟ್ಟದ್ದು. ಪೆಡಲು ಸಿಗಬೇಕಾದರೆ ನಾನು ಕೆಳಗೆ ಜಾರಿ, ಬಹುತೇಕ ಮಲಗಬೇಕಾಯಿತು. "ತುಳಿ, ಎನಿಡ್, ತುಳಿ, ಕ್ಲಿಫರ್ಡ್ ಮೇಲಿನ ಸಿಟ್ಟೆಲ್ಲ ತೀರಿಸ್ಕೋ" ಅಂತ ಹಿಂದಿನಿಂದ ಡೆನ್ಜಿಲ್. ನಾನು ತುಳಿದೆ. ನಟ್ಟು ಕಿರುಗುಟ್ಟಿ ಬಿಟ್ಟಾಗ, ಕ್ಲಿಫರ್ಡ್ ಅದನ್ನು ಎಷ್ಟು ಬಿಗಿಯಾಗಿ ಹಾಕಿದ್ದನೋ ಅಂದುಕೊಂಡೆ. ಪಾಪ, ತನ್ನ ಶಕ್ತಿಯನ್ನೆಲ್ಲ ಹಾಕಿ ಬಿಗಿ ಮಾಡಿದ್ದ. ಕಡೆ ಮಾತ್ರ ತಪ್ಪಿತ್ತು.

ಮಗನ ಮಾತು ಮೀರಿದ್ದೇನೆ. ನೀನಾಗಿದ್ದರೆ ಏನು ಮಾಡುತ್ತಿದ್ದೆಯೋ.

ಎನಿಡ್

*

ಡಿಡ್ಕಾಟ್
೧೩ ಮೇ

ಪ್ರೀತಿಯ ಏಡ್ರಿಯನ್,

ಚಕ್ರದ ವಿಷಯ. ಪಕ್ಕದಲ್ಲಿ ಸರಿಯಾಗಿ ನಿಂತು ಮತ್ತೆ ತಟ್ಟಿ ನೋಡಿದೆ. ಬಾಲದ ಕಡೆಗೆ ಹೊಡೆದರೆ ನಾಲ್ಕೂ ಬಿಗಿಯಾಗುತ್ತವೆ. ನಿನಗೆ ಸುಮ್ಮನೆ ತೊಂದರೆ ಕೊಟ್ಟೆ. ಮುದುಕಿಯ ಮಾತೆಂದು ಬಿಟ್ಟುಬಿಡು.

ನಿಧಾನವಾಗಿ ಓಡಿಸು. ಆಗಾಗ ನಿಲ್ಲಿಸಿ ಚಕ್ರ ಮುಟ್ಟಿ ನೋಡು. ಇದು ನನ್ನ ಸಮಾಧಾನಕ್ಕೆ. ಬ್ರಯನಿಗೆ ಹಣ್ಣಿನ ಕೇಕ್ ಮಾಡಿಡುತ್ತೇನೆ. ಒಣದ್ರಾಕ್ಷಿ ಹಾಕುವುದಿಲ್ಲ, ಅವಳು ಹೆಕ್ಕಿ ಹೆಕ್ಕಿ ಮೇಜಿನ ಕೆಳಗೆ ಇಡುತ್ತಾಳೆ.

ಅಮ್ಮ

*

ಡಿಡ್ಕಾಟ್
೨೬ ಮೇ, ಭಾನುವಾರ

ಪ್ರೀತಿಯ ನೋರೀನ್,

ಹೊರಟು ಹೋದರು. ಇನ್ನೂ ಸುದ್ದಿಯಿಲ್ಲ. ಸುಮ್ಮನೆ ಕೂರಲಾರದೆ ಬರೆಯುತ್ತಿದ್ದೇನೆ.

ನಿನ್ನೆ ಏಡ್ರಿಯನ್ ಬಂದವನು ಗ್ಯಾರೇಜಿನ ಬಾಗಿಲಲ್ಲಿ ತುಂಬಾ ಹೊತ್ತು ನಿಂತಿದ್ದ. ಒಳಗೆ ಹೋಗಲಿಲ್ಲ. ಟೀ ಕುಡಿದ, ಬೇಲಿ ಸರಿಮಾಡಿದ, ಮತ್ತೆ ಬಂದು ನಿಂತ. ಇವತ್ತು ಬೆಳಗ್ಗೆ ಸುತ್ತಿಗೆ ತೆಗೆದುಕೊಂಡು ನಾಲ್ಕೂ ಚಕ್ರಕ್ಕೆ ತಟ್ಟಿದ. ಹಿಂದಿನ ಎರಡಕ್ಕೆ ಬಂದಾಗ ನನ್ನ ಕಡೆ ನೋಡಿಕೊಂಡೇ ಹೊಡೆದ. ಬಿಗಿಯಾಗಿ ನಿಂತವು.

"ನೋಡಿದ್ಯಾ ಅಮ್ಮ? ಅಪ್ಪ ಅಂದ್ರೆ ಅಪ್ಪ."

"ಹೌದು ಕಣೋ. ನನ್ನದೇ ತಪ್ಪು" ಅಂದೆ.

ಅವನ ಮುಖ ಬೆಳಗಿತು, ನೋರೀನ್. ಆ ಮುಖಕ್ಕಾಗಿ ಎಷ್ಟು ತಪ್ಪುಗಳನ್ನಾದರೂ ನನ್ನವೆಂದು ಹೇಳಿಯೇನು. ಆದರೂ ಎಲ್ಲೋ ಒಂದು ಕಡೆ ಚುಚ್ಚಿತು. ನಾನು ಸರಿಯಾಗಿಯೇ ನೋಡಿದ್ದೆ. ಅದು ನನ್ನ ಮಗನಿಗೆ ಎಂದೂ ತಿಳಿಯುವುದಿಲ್ಲ.

ಬ್ರಯನಿ ಟೋಪಿ ಕಟ್ಟಿಕೊಂಡು ಕೂತಳು. "ಅಜ್ಜಿ, ನೀನೂ ಬಾ. ನೀನು ಇಲ್ಲಿ ಕೂತ್ಕೋ, ನಾನು ಹಿಂದೆ ಕೂತ್ಕೋತೀನಿ."

"ಹಿಂದೆ ಸೀಟೇ ಇಲ್ವಲ್ಲ ಮರಿ."

"ಗೊತ್ತು. ಕರೆದೆ ಅಂತ ಆಗ್ಲಿ ಅಂತ."

ನಿನ್ನ ಅಣ್ಣನ ಮೊಮ್ಮಗಳೇ ಸರಿ.

ಅವರು ತಿರುವು ದಾಟುವವರೆಗೂ ನಾನು ಹಿಂದಿನ ಚಕ್ರಗಳನ್ನೇ ನೋಡುತ್ತಿದ್ದೆ. ಮಗು ಕೈ ಬೀಸುತ್ತಿದ್ದದ್ದು ಆಮೇಲೆ ನೆನಪಾಯಿತು, ನಾನು ಕೈ ಎತ್ತಿದ್ದೆನೋ ಇಲ್ಲವೋ. ಈಗ ಹೊಸ ಭಯ. ಕ್ಲಿಫರ್ಡ್‌ನ ಕೈಯ ಭಯ ಹೋಗಿ ಡೆನ್ಜಿಲ್‌ನ ಕೈಯ ಭಯ. ಅವನಿಗೂ ಎಪ್ಪತ್ತೆಂಟು. ಚೆನ್ನಾಗಿದ್ದುದನ್ನೇ ನಾವಿಬ್ಬರು ಸೇರಿ ಕೆಡಿಸಿರಬಹುದೇ? ಕ್ಲಿಫರ್ಡ್ ಮಾಡಿದ ಹಾಗೆ ಬಿಟ್ಟಿದ್ದರೆ ಅಪಾಯವೆಂದು ಗೊತ್ತಿದ್ದೂ ಹೀಗೆ ಅನ್ನಿಸುತ್ತದೆ. ತಲೆ ಒಪ್ಪುತ್ತದೆ, ಮನಸ್ಸು ಒಪ್ಪುವುದಿಲ್ಲ.

ಏಡ್ರಿಯನ್ ಪಕ್ಕದ ಮನೆಯ ಗ್ಲೆನಿಸ್ ನಂಬರಿಗೆ ಫೋನ್ ಮಾಡುತ್ತೇನೆಂದಿದ್ದಾನೆ. ಅವಳ ಬಾಗಿಲು ತೆರೆದ ಸದ್ದಾದಾಗಲೆಲ್ಲ ನಾನು ಕಿಟಕಿಗೆ ಹೋಗುತ್ತಿದ್ದೇನೆ. ಅವಳು ಬೆಕ್ಕನ್ನು ಬಿಡುವುದಕ್ಕೆ ತೆರೆಯುತ್ತಾಳೆ.

ಈಗ ಸಂಜೆ. ಇದನ್ನು ನಾಳೆ ಅಂಚೆಗೆ ಹಾಕುತ್ತೇನೆ, ಸುದ್ದಿ ಬಂದ ಮೇಲೆ.

ಎನಿಡ್

*

ಹೆಕ್ಸಮ್
೨೯ ಮೇ

ಅಮ್ಮ,

ತಲುಪಿದೆವೆಂದು ಗ್ಲೆನಿಸ್ ಹೇಳಿರಬೇಕು. ಅವರ ಹತ್ತಿರ ಹೇಳದೆ ಉಳಿಸಿಕೊಂಡದ್ದನ್ನು ಬರೆಯುತ್ತಿದ್ದೇನೆ.

ವೆದರ್‌ಬಿ ಊರು ದಾಟಿದ ಮೇಲೆ ಹಿಂದೆ ಫುಟ್‌ಪಾತ್ ಕಡೆಯ ಟೈರಿನ ಗಾಳಿ ಇಳಿಯಿತು. ಹಳೆಯ ಟ್ಯೂಬು, ದೊಡ್ಡದೇನಲ್ಲ. ಹುಲ್ಲಿನಂಚಿಗೆ ನಿಲ್ಲಿಸಿ ಜಾಕ್ ಕೊಟ್ಟೆ. ಬ್ರಯನಿ ದಿಬ್ಬದ ಮೇಲೆ ಕೂತು ನಿನ್ನ ಕೇಕ್ ತಿನ್ನುತ್ತಿದ್ದಳು. ಮೂತಿಯ ಕಡೆಗೆ ಹೊಡೆದೆ, ನಟ್ಟು ಬಿಚ್ಚಿತು, ಚಕ್ರ ತೆಗೆದೆ.

ಹಬ್ಬಿನ ಒಳಗೆ ದೊಡ್ಡ ನಟ್ಟು ತಿರುಗದ ಹಾಗೆ ಒಂದು ಸ್ಪ್ಲಿಟ್ ಪಿನ್ ಹಾಕಿರುತ್ತಾರೆ. ಅದರ ಎರಡು ಕಾಲನ್ನೂ ಅಪ್ಪ ಮೀಸೆಯ ಹಾಗೆ ಆಚೆಗೊಂದು ಈಚೆಗೊಂದು ಮಡಚಿ, ತುದಿ ಕತ್ತರಿಸುತ್ತಿದ್ದ. ಪುಸ್ತಕದಲ್ಲಿ ಹಾಗಿಲ್ಲ. ನಾನು ಅವನ ಕೈಯಲ್ಲಿ ಮಾತ್ರ ಅದನ್ನು ನೋಡಿದ್ದೇನೆ. ನಾನೂ ಹಾಗೆಯೇ ಮಡಚುತ್ತೇನೆ. ಅಲ್ಲಿದ್ದ ಪಿನ್ನಿನ ಒಂದು ಕಾಲು ಮೇಲಕ್ಕೆ, ಒಂದು ಕೆಳಕ್ಕೆ ಮಡಚಿತ್ತು; ಅದು ಅಪ್ಪನ ಕೈಯಲ್ಲ. ಪಿನ್ನು ಹೊಸದಾಗಿ ಹೊಳೆಯುತ್ತಿತ್ತು. ಅದರ ಮೇಲೆ ಯಾರೋ ಧೂಳು ಉದುರಿಸಿದ್ದರು.

ಅದನ್ನೇ ನೋಡುತ್ತಾ ಕೂತಿದ್ದೆ. ಲಾರಿಗಳು ಹೋಗುತ್ತಿದ್ದವು. ಬ್ರಯನಿ ಬಂದು ಕೇಳಿದಳು: "ಯಾಕಪ್ಪ ಸುಮ್ನಾದೆ? ಮುರಿದುಹೋಯ್ತಾ?"

"ಇಲ್ಲ. ಸರಿಯಾಗಿದೆ" ಅಂದೆ.

"ಸರಿಯಾಗಿದ್ರೆ ಯಾಕೆ ಅಳ್ತಿದೀಯ?"

ಸ್ಪೇರ್ ಚಕ್ರ ಹಾಕಿದೆ, ಬಾಲದ ಕಡೆಗೆ ಹೊಡೆದು ಬಿಗಿ ಮಾಡಿದೆ. ಉಳಿದ ದಾರಿಯೆಲ್ಲ ಅವಳು ಬಲಗಡೆಯ ದನಗಳನ್ನು ಎಣಿಸಿದಳು, ನೀನು ಏಪ್ರಿಲ್‌ನಲ್ಲಿ ಬರೆದ ಕಾಗದವನ್ನು ನಾನು ಮನಸ್ಸಿನಲ್ಲೇ ಓದಿದೆ. ಅದಕ್ಕೆ ನಾನು ಕೊಟ್ಟ ಉತ್ತರವನ್ನೂ ಓದಿದೆ.

ಯಾರು ಮಾಡಿದರೆಂದು ನಾನು ಕೇಳುವುದಿಲ್ಲ. ಮಾಡಿದವರು ಚೆನ್ನಾಗಿ ಮಾಡಿದ್ದಾರೆ.

ಕೊನೆಯ ವರ್ಷ ಅಪ್ಪ ಹೇಗಿದ್ದನೆಂದು ನನಗೆ ಬರೆ, ಅಮ್ಮ. ನಾನು ಹೋದ ಮೇಲೆ ಹೇಗಿರುತ್ತಿದ್ದ, ಏನು ಕೇಳುತ್ತಿದ್ದ, ನೀನು ಏನು ಹೇಳುತ್ತಿದ್ದೆ. ಒಂದೇ ಸಲಕ್ಕೆ ಬೇಡ. ನಿನಗಾದಷ್ಟು ಬರೆ. ನಾನು ಎಲ್ಲವನ್ನೂ ಓದುತ್ತೇನೆ.

ನಿನ್ನ
ಏಡ್ರಿಯನ್